ಪ್ರಾಚಿ ಕೇಳಿದ ಪ್ರಶ್ನೆ

ಸಮಾಜ ಕಾರ್ಯಕರ್ತೆಯಾಗಿ ನಾನು ವರ್ಷಗಟ್ಟಲೆ ಮನೆಮನೆ ತಿರುಗಿದ ಮೇಲೆ ಕಾಲೇಜಿನವರು ನನ್ನನ್ನೂ ಮೇಡಂ ಮಾಡಿದರು. ಸಮಾಜಕಾರ್ಯ ಓದುವ ಮಕ್ಕಳನ್ನು ಫೀಲ್ಡ್‌ಗೆ ಕರೆದೊಯ್ದು ಕಲಿಸುವ ಕೆಲಸ. ಹಾಗೆ ಬಂದವಳು ಡೊಂಬಿವಲಿಯ ಪ್ರಾಚಿ. ಮನೆಮಾತು ಕನ್ನಡವಾದರೂ ಉತ್ತರ ಕೊಡುವುದು ಹಿಂದಿಯಲ್ಲಿ.

ಒಂದು ದಿನ ಕೋಪರಖೈರಣೆಯ ಮನೆಯೊಂದಕ್ಕೆ ಹೋದೆವು. ಒಂಬತ್ತನೇ ತರಗತಿಯ ಮೊಮ್ಮಗಳನ್ನು ಶಾಲೆ ಬಿಡಿಸಿದ್ದ ಕಲಬುರಗಿ ಕಡೆಯ ಅಜ್ಜಿ ನಮ್ಮನ್ನು ಬಾಗಿಲಲ್ಲೇ ತಡೆದರು. "ಸಾಲಿ ಮಾತು ಬ್ಯಾಡ್ರಿ. ಹುಡುಗಿಗೆ ವರ ನೋಡೀವಿ."

ನಾನು ಕಾನೂನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪ್ರಾಚಿ ಹೊಸ್ತಿಲ ಬಳಿ ಕೂತು, ತಡವರಿಸುತ್ತ ಕನ್ನಡದಲ್ಲೇ ಕೇಳಿದಳು, "ಅಜ್ಜಿ, ನಿಮ್ಮನ್ನು ಶಾಲೆ ಬಿಡಿಸಿದ್ದು ಯಾರು?"

ಅಜ್ಜಿ ಬಾಗಿಲು ಬಿಟ್ಟು ಸರಿದರು. "ನಮ್ಮಪ್ಪ," ಎಂದರು. "ಭಾಳ ಅತ್ತಿದ್ದೆ." ಆಮೇಲೆ ತಾವೇ ಚಾಪೆ ಹಾಸಿ ಎಲ್ಲ ಹೇಳಿಕೊಂಡರು. ಪ್ರಾಚಿ ಕೇಳಿಸಿಕೊಂಡಳು, ನಾನು ಬಾಯಿ ಮುಚ್ಚಿ ಕೂತೆ.

ಮುಂದಿನ ವಾರ ವರನ ಮಾತು ನಿಂತಿತು. ಅಜ್ಜಿಯೇ ಮೊಮ್ಮಗಳನ್ನು ಶಾಲೆಗೆ ಬಿಟ್ಟುಬಂದರು. ಸುದ್ದಿ ತಿಳಿದು ಪ್ರಾಚಿ, "ಮೇಡಂ, ಠೀಕ್ ಕಿಯಾ ನಾ ಮೈನೇ?" ತಾನು ಮಾಡಿದ್ದು ಸರಿ ತಾನೇ ಎಂದು ಕೇಳಿದಳು. ಮೇಡಂ ಗತ್ತಿನಲ್ಲಿ "ಪರವಾಗಿಲ್ಲ" ಎಂದೆ.

ಸಂಜೆ ಲೋಕಲ್ ರೈಲಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿಗೆ ನನ್ನ ವಿದ್ಯಾರ್ಥಿನಿಯ ಕಥೆಯನ್ನೆಲ್ಲ ಹೇಳಿದೆ. ಆಕೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಟ್ಟಳು. ಅದು ಆಕೆಯದೇ ಸ್ಟೇಷನ್ ಇದ್ದಿರಬೇಕು.