ಗಾಜಿನ ಕಪಾಟಿನ ಹಾಡುಹಕ್ಕಿ

ವಸ್ತುಸಂಗ್ರಹಾಲಯದಲ್ಲಿ ಪ್ರಾಣಿ ವಿಭಾಗ ನೋಡಿಕೊಳ್ಳುವವರಿಗೆ ಎಲ್ಲರೂ ಇಟ್ಟ ಹೆಸರು ವಂಶಾವಳಿ ಮೇಷ್ಟ್ರು. ಕಣ್ಣಿಗೆ ಬಿದ್ದ ಜೀವಿಯ ವರ್ಗ, ಗಣ, ಕುಟುಂಬ ಒಪ್ಪಿಸದೆ ಅವರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಬಂದವರನ್ನೆಲ್ಲ ಅವರು ಮೊದಲು ಎಳೆದೊಯ್ಯುವುದು ಒಂದೇ ಗಾಜಿನ ಕಪಾಟಿಗೆ. ಅಲ್ಲಿ ಎಡಗಡೆ ಹತ್ತಿ ತುಂಬಿದ ಹಾಡುಹಕ್ಕಿ, ಬಲಗಡೆ ಹತ್ತಿ ತುಂಬಿದ ಇಲಿ. "ಇಬ್ಬರಿಗೂ ಬೆನ್ನೆಲುಬಿದೆ, ನೆಂಟಸ್ತಿಕೆ ಅಷ್ಟಕ್ಕೇ ಮುಗೀತು. ಇದು ಪಕ್ಷಿ ವರ್ಗ, ಗುಬ್ಬಚ್ಚಿ ಗಣ, ಈ ಜಾತಿ ಅಳಿದೇಹೋಗಿದೆ. ಅದು ಸಸ್ತನಿ ವರ್ಗ, ಕೊರೆಯುವ ಹಲ್ಲಿನ ದಂಶಕ ಗಣ, ಅಳಿವಿನ ಲೆಕ್ಕದಲ್ಲಿ ಅದು 'ಚಿಂತೆ ಬೇಡ' ಎಂಬ ಪಟ್ಟಿಯಲ್ಲಿದೆ," ಎನ್ನುವಾಗ ಅವರು ಇಲಿಯ ಕಡೆ ಬೀರುವ ನೋಟ, ಮನೆ ಖಾಲಿ ಮಾಡದ ಬಾಡಿಗೆದಾರನನ್ನು ನೋಡುವ ಮಾಲೀಕನದು. ಮನೆಯಲ್ಲಿ ಹೆಂಡತಿ "ರೀ, ಕಾಳಿನ ಡಬ್ಬಕ್ಕೆ ಇಲಿ ಬಂದಿದೆ!" ಎಂದು ಕೂಗಿದರೆ ಕೂತಲ್ಲಿಂದಲೇ "ಅದು ಚಿಂತೆ ಬೇಡದ ಪಟ್ಟಿಯಲ್ಲಿದೆ ಕಣೇ" ಎನ್ನುತ್ತಾರೆ, "ಆ ಪಟ್ಟಿ ಬರೆದವರು ನಮ್ಮ ಅಡುಗೆಮನೆ ನೋಡಿಲ್ಲ ಬಿಡಿ," ಎಂದು ಆಕೆಯೇ ಪೊರಕೆ ಹಿಡಿಯುತ್ತಾರೆ. ಸಂಗ್ರಹಾಲಯದಲ್ಲಿ ಮಾತ್ರ, ಹಕ್ಕಿಯ ಪುಕ್ಕಕ್ಕೆ ಇಲಿ ಎಲ್ಲಿ ಹಲ್ಲು ಹಾಕೀತೋ ಎಂದು ಪ್ರತಿ ಸಂಜೆ ತಾವೇ ಇಲಿಬೋನು ಇಟ್ಟು ಹೋಗುತ್ತಾರೆ. ಇಷ್ಟಾದರೂ ಈಚೆಗೊಂದು ಬೆಳಿಗ್ಗೆ ನೋಡಿದರೆ, ಕಪಾಟಿನ ಹಿಂಬದಿಯ ಮರದ ಹಲಗೆ ಕೊರೆದು ಬಂದ ತಾಯಿ ಇಲಿಯೊಂದು ಆ ಹಕ್ಕಿಯ ಎದೆಯ ಪುಕ್ಕವನ್ನೆಲ್ಲ ಕಿತ್ತು ಗೂಡು ಮಾಡಿತ್ತು. ಗೂಡಿನೊಳಗೆ ಇನ್ನೂ ಕಣ್ಣು ಬಿಡದ ಮರಿಗಳು. ಕಸ ಗುಡಿಸುವಾಕೆ "ಎತ್ತಿ ಆಚೆ ಹಾಕ್ಲಾ ಸಾರ್?" ಎಂದಾಗ ಮೇಷ್ಟ್ರ ಬಾಯಿಂದ ವರ್ಗವೂ ಬರಲಿಲ್ಲ, ಗಣವೂ ಬರಲಿಲ್ಲ. ಬೋಳಾದ ಹಕ್ಕಿಯನ್ನೂ ಗೂಡನ್ನೂ ನೋಡಿ, ಕಪಾಟಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು. "ಬೇಡಮ್ಮ, ಕಣ್ಣು ಬಿಡೋವರೆಗೂ ಇರ್ಲಿ. ಈ ಪುಕ್ಕದಡಿ ಮರಿಗಳು ಬೆಚ್ಚಗೆ ಮಲಗಿ ಎಷ್ಟು ಕಾಲ ಆಗಿತ್ತೋ."