ಕೆಂಪಂಗಿಯ ಹದಿನೆಂಟನೆಯ ಸಂಚಿಕೆ

ಕೆಂಪಂಗಿಯನ್ನು ಹೊಸದಾಗಿ ಓದುವವರು ಒಂದನೆಯ ಸಂಚಿಕೆಯಿಂದ ಆರಂಭಿಸಬಾರದು. ಮೂಡುಬಿದಿರೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಕೂತು, ಯಾವ ಪುಸ್ತಕವನ್ನು ಯಾವುದರ ಮೊದಲು ಓದಬೇಕೆಂದು ಮಕ್ಕಳಿಗೆ ಗದರಿಸಿ ಹೇಳಿದವಳ ಅಧಿಕಾರದಿಂದ ಇದನ್ನು ಹೇಳುತ್ತಿದ್ದೇನೆ. ಒಂದನೆಯದರಲ್ಲಿ ಕಥೆಯೇ ಇಲ್ಲ. ಕಂಬ ಹತ್ತಿದ ಲೈನ್‌ಮನ್ ಒಬ್ಬನಿಗೆ ಸಿಡಿಲು ಬಡಿಯುತ್ತದೆ, ಅವನು ಸಾಯುವುದಿಲ್ಲ, ಮೈಗೆ ಬಲ ಬರುತ್ತದೆ. ಇಷ್ಟು ಹೇಳಲಿಕ್ಕೆ ಮೂವತ್ತೆರಡು ಪುಟ. ಚಿತ್ರಕಾರನಿಗೆ ಬೆರಳು ಬಿಡಿಸಲು ಬರುತ್ತಿರಲಿಲ್ಲವೆಂದು ಕಾಣುತ್ತದೆ, ವೀರ ಚಹಾ ಕುಡಿಯುವಾಗಲೂ ಮುಷ್ಟಿ ಬಿಗಿದಿರುತ್ತಾನೆ. ಮೂರನೆಯ ಸಂಚಿಕೆಯಿಂದ ಆರಂಭಿಸಿ. ಆಣೆಕಟ್ಟಿನ ಎಂಜಿನಿಯರ್ ಖಳನಾಗುವುದು ಅಲ್ಲಿ. ಏಳರಲ್ಲಿ ಚಿತ್ರಕಾರ ಬದಲಾಗಿ ವೀರನ ಮೀಸೆ ಯಾವ ಕಾರಣವನ್ನೂ ಕೊಡದೆ ಮಾಯವಾಗುತ್ತದೆ. ಎಂಟನೆಯದು ಶುದ್ಧ ಮೋಸ, ಎರಡನೆಯದಕ್ಕೇ ಹೊಸ ಮುಖಪುಟ ಅಂಟಿಸಿದ್ದು. ಬಿಡಿ.

ಅವನ ನಿಜವಾದ ಹೆಸರು ನಮ್ಮ ಬಾಯಲ್ಲಿ ಹೊರಳದ ಒಂದು ಉದ್ದದ ಸಂಸ್ಕೃತ ಹೆಸರು. ಕಕ್ಕಿಂಜೆಯ ನಮ್ಮ ಮನೆಯಲ್ಲಿ ಅವನು ಕೆಂಪಂಗಿ, ಅಷ್ಟೇ. ಸಣ್ಣ ಪ್ರೆಸ್ಸಿನ ಪುಸ್ತಕ, ಹದಿನೆಂಟು ಸಂಚಿಕೆ ಬಂದು ನಿಂತುಹೋಯಿತು. ಈಗ ಅದನ್ನು ನೆನಪಿಟ್ಟವರೇ ಇಲ್ಲವೆಂದು ನಾನು ತಿಳಿದಿದ್ದೆ. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮರೆತುಹೋದ ಚಿತ್ರಕಥೆಗಳ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಬರೆಯುತ್ತಾಳೆ. ನನ್ನಲ್ಲಿ ಪೂರ್ತಿ ಹದಿನೆಂಟೂ ಇವೆಯೆಂದು ಅವಳಿಗೆ ಹೇಗೋ ಗೊತ್ತಾಯಿತು. "ಮೇಡಂ, ಯಾವುದನ್ನು ಮೊದಲು ಓದಬೇಕು, ಯಾವುದನ್ನು ಬಿಡಬೇಕು ಅಂತ ಒಂದು ಕೈಪಿಡಿ ಬರೆದು ಕೊಡ್ರೀ" ಎಂದಳು. ಹೊಗಳಿದರೆ ಉಬ್ಬುವ ಜಾತಿ ನನ್ನದು, ಒಪ್ಪಿಕೊಂಡೆ.

ಎರಡು ಸಂಜೆಯಲ್ಲಿ ಹದಿನೇಳರವರೆಗೆ ಬರೆದು ಮುಗಿಸಿದೆ. ಹದಿನೆಂಟರಲ್ಲಿ ಪೆನ್ನು ನಿಂತಿತು. ಆ ಸಂಚಿಕೆ ನನ್ನ ಬಳಿ ಮೂವತ್ತೇಳು ವರ್ಷದಿಂದ ಇತ್ತು. ನಾನು ಅದನ್ನು ಒಂದು ದಿನವೂ ತೆರೆದಿರಲಿಲ್ಲ. ತೆರೆದರೆ ಅಣ್ಣನ ಕಥೆ ಮುಗಿಯುತ್ತದೆ ಎಂಬ ಹೆದರಿಕೆ. ಓದಿದವಳು, ಐವತ್ತೊಂದು ವರ್ಷದವಳು, ಹೀಗೆ ಹೆದರುತ್ತಿದ್ದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹೆದರಿಕೆ ಇದ್ದದ್ದು ನಿಜ.

ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಅಪ್ಪ ಗುರುವಾಯನಕೆರೆಗೆ ಹೋದಾಗಲೆಲ್ಲ ಅಲ್ಲಿನ ಕಾಗದ-ಪುಸ್ತಕದ ಅಂಗಡಿಯಿಂದ ಸಂಚಿಕೆ ತರುತ್ತಿದ್ದರು. ಪುಸ್ತಕ ಮುಟ್ಟುವ ಹಕ್ಕು ಅಣ್ಣನಿಗೆ ಮಾತ್ರ. ಅವನು ಗಟ್ಟಿಯಾಗಿ ಓದಬೇಕು, ನಾನು ಪಕ್ಕದಲ್ಲಿ ಕೂತು ಚಿತ್ರ ನೋಡಬೇಕು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುತ್ತಿದ್ದ, ನಿಲ್ಲಿಸಿದಲ್ಲಿ ಮೂಲೆ ಮಡಚುತ್ತಿದ್ದ. ಗ್ರಂಥಾಲಯದಲ್ಲಿ ಯಾರಾದರೂ ಹಾಗೆ ಮಾಡಿದರೆ ನಾನು ಇವತ್ತಿಗೂ ಬೈಯುತ್ತೇನೆ, ಬೈದ ಮೇಲೆ ಆ ಮಡಿಕೆಯನ್ನು ಬಿಡಿಸದೆ ಹಾಗೆಯೇ ಕಪಾಟಿಗೆ ಇಡುತ್ತೇನೆ.

ಆ ಪುಸ್ತಕದ ಮುದ್ರಣ ಬಹಳ ಕೆಟ್ಟದು. ಕೆಂಪು ಬಣ್ಣ ಯಾವಾಗಲೂ ಗೆರೆಯಿಂದ ಒಂದು ಬೆರಳಿನಷ್ಟು ಆಚೆ ಬೀಳುತ್ತಿತ್ತು. ವೀರ ಒಂದು ಕಡೆ ನಿಂತಿದ್ದರೆ ಅವನ ಅಂಗಿಯ ಕೆಂಪು ಪಕ್ಕದಲ್ಲಿ ಬೇರೆಯಾಗಿ ನಿಂತಿರುತ್ತಿತ್ತು. ಅಣ್ಣ ಅದಕ್ಕೊಂದು ಅರ್ಥ ಹೇಳಿದ್ದ. ಅದು ಕೆಂಪಂಗಿಯ ಜೀವ, ಅಪಾಯ ಬರುವ ಮೊದಲೇ ಅದು ಮೈಯಿಂದ ಹೊರಗೆ ಬಂದು ನೋಡುತ್ತದೆ ಎಂದು. ನಾನು ಪೂರ್ತಿ ನಂಬಿದೆ. ಕೈಪಿಡಿಯಲ್ಲಿ ಇದನ್ನು 'ಮುದ್ರಣದೋಷ' ಎಂದು ಬರೆದೆ. ಬರೆಯುವಾಗ ಅಣ್ಣನ ಮೇಲೆ ಚಾಡಿ ಹೇಳಿದ ಹಾಗಾಯಿತು.

ಹನ್ನೆರಡನೆಯ ಸಂಚಿಕೆಯ ಕೊನೆಯಲ್ಲಿ ಕೆಂಪಂಗಿ ಆಣೆಕಟ್ಟಿನ ಮೇಲಿಂದ ಬೀಳುತ್ತಾನೆ. ಕೊನೆಯ ಚಿತ್ರದಲ್ಲಿ ದೇಹ ಬಂಡೆಯ ಮೇಲೆ ಬಿದ್ದಿದೆ. ಆ ಪುಟದಲ್ಲಿ ಬಣ್ಣ ಎಂದಿಗಿಂತ ಹೆಚ್ಚು ಜಾರಿ, ಕೆಂಪು ಇಡಿಯಾಗಿ ದೇಹದ ಹೊರಗಿದೆ. ನಾನು ಅಳಲಿಕ್ಕೆ ಸುರುಮಾಡಿದೆ.

"ಮಂಡೆ ಇಲ್ವಾ ನಿನಗೆ? ಜೀವ ಅಲ್ಲೇ ಉಂಟಲ್ಲ, ನೋಡು" ಎಂದ ಅಣ್ಣ. "ಒಳಗೆ ಹೋಗ್ಲಿಕ್ಕೆ ಬಾಕಿ, ಅಷ್ಟೇ. ಮುಂದಿನದ್ರಲ್ಲಿ ಹೋಗ್ತದೆ."

ಮುಂದಿನದು ಬರುವ ಹೊತ್ತಿಗೆ ಅಣ್ಣನಿಗೆ ಜ್ವರ. ಅಪ್ಪ ಪುಸ್ತಕ ತಂದರು. ಜ್ವರದ ಕಣ್ಣಿಗೆ ಓದು ಆಗದೆಂದು ಅಮ್ಮ ಅದನ್ನು ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿಯ ಹಿಂದೆ ಅಡಗಿಸಿಟ್ಟಳು. "ಬಂತಾ ಅಮ್ಮಾ?" ಎಂದು ಅವನು ಹಾಸಿಗೆಯಿಂದ ಕೇಳುತ್ತಿದ್ದ. "ಬರ್ಲಿಲ್ಲ ಮಗಾ, ಬರ್ತದೆ" ಎನ್ನುತ್ತಿದ್ದಳು ಅಮ್ಮ. ಜ್ವರ ಬಿಟ್ಟ ಮೇಲೆ ಕೊಡುವ ಎಂದು ಅವಳ ಲೆಕ್ಕ. ಜ್ವರ ಬಿಡಲಿಲ್ಲ. ಆರನೆಯ ದಿನ ಬೆಳ್ತಂಗಡಿಯ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಜೀಪಿನಲ್ಲೇ ಅಣ್ಣ ತೀರಿಕೊಂಡ. ಅವನಿಗೆ ಹನ್ನೆರಡು, ನನಗೆ ಒಂಬತ್ತು.

ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಮನೆಯಲ್ಲಿ ತೀರಿಹೋದವರಿಗೆ, ಬಡಿಸುವ ಕ್ರಮ ಇದೆ. ನಡುಮನೆಯಲ್ಲಿ ಎಲೆ ಹಾಕಿ ಕೋಳಿ, ಮೀನು, ಅವರವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತಾರೆ. ಅಜ್ಜನಿಗೆ ಕಳ್ಳು, ದೊಡ್ಡಪ್ಪನಿಗೆ ಬೀಡಿ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಸುಮ್ಮನೆ ಕೂರಬೇಕು. ಸ್ವಲ್ಪ ಹೊತ್ತಾದ ಮೇಲೆ ಹಿರಿಯರು ಕೆಮ್ಮಿ, ಬಾಗಿಲು ತಟ್ಟಿ ತೆರೆಯುತ್ತಾರೆ. ಆ ವರ್ಷ ಅಣ್ಣನ ಹೆಸರಿನಲ್ಲಿಯೂ ಒಂದು ಎಲೆ ಬಿತ್ತು. ಅಮ್ಮ ಅಕ್ಕಿಮುಡಿಯ ಹಿಂದಿನಿಂದ ಹದಿಮೂರನೆಯ ಸಂಚಿಕೆಯನ್ನು ತಂದು ಎಲೆಯ ಪಕ್ಕ ಇಟ್ಟಳು.

ಬಾಗಿಲು ತೆರೆದಾಗ ಪುಸ್ತಕದ ಮಧ್ಯದಲ್ಲೊಂದು ಪುಟದ ಮೂಲೆ ಮಡಚಿತ್ತು.

ಗಾಳಿ ಎನ್ನಿ, ಅಮ್ಮನೇ ಮಡಚಿದಳು ಎನ್ನಿ. ನನಗೂ ಬಹಳ ವರ್ಷ ಅಮ್ಮನ ಮೇಲೆ ಅನುಮಾನವಿತ್ತು, ಕೇಳುವ ಧೈರ್ಯ ಬರಲಿಲ್ಲ. ಅಂದು ಮಾತ್ರ ನಾನು ಯಾರನ್ನೂ ಅನುಮಾನಿಸಲಿಲ್ಲ. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಅಣ್ಣ ಬರುತ್ತಾನೆ, ಬಂದು ಓದಿ ಹೋಗುತ್ತಾನೆ.

ಹದಿಮೂರರ ನಂತರ ಪ್ರೆಸ್ಸಿನ ಗತಿ ಕೆಟ್ಟು, ವರ್ಷಕ್ಕೊಂದು ಸಂಚಿಕೆ ಬಂದರೆ ಹೆಚ್ಚು. ನಮಗೆ ಅದೇ ಸರಿಯಾಯಿತು. ಪ್ರತಿ ಆಟಿಗೂ ಒಂದು ಹೊಸ ಪುಸ್ತಕ ಎಲೆಯ ಪಕ್ಕ ಹೋಗುತ್ತಿತ್ತು. ಓದು ಬರದ ಅಮ್ಮ ಅದನ್ನು ಸೆರಗಿನಿಂದ ಒರೆಸಿ ಇಡುತ್ತಿದ್ದಳು. ಅಣ್ಣ ಓದಿದ ಮೇಲೆ ನಾನು ಓದುತ್ತಿದ್ದೆ. ಕೈಪಿಡಿ ಓದುವವರಿಗೆ ಹೇಳುತ್ತೇನೆ, ಹದಿನಾಲ್ಕು ಮತ್ತು ಹದಿನೈದನ್ನು ಒಟ್ಟಿಗೆ ಓದಿ, ಎರಡೂ ಸೇರಿ ಒಂದೇ ಕಥೆ. ಕುರುಡ ಸಾಕ್ಷಿಯ ಹದಿನಾರನೆಯದು ಎಲ್ಲಕ್ಕಿಂತ ಚಂದ. ಅದನ್ನು ನಾನು ನಡುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಒಳಗೆ ಯಾರಿಗೋ ಕೇಳಲಿ ಎಂದು ಗಟ್ಟಿಯಾಗಿ ಓದಿದ್ದೆ.

ಹದಿನೆಂಟನೆಯದನ್ನು ತರಲಿಕ್ಕೆ ನಾನೇ ಗುರುವಾಯನಕೆರೆಗೆ ಹೋಗಿದ್ದೆ. ಆಗ ನನಗೆ ಹದಿನಾಲ್ಕು. "ಇದು ಲಾಸ್ಟ್, ಪ್ರೆಸ್ ಬಂದ್" ಎಂದರು ಅಂಗಡಿಯವರು. ಬಸ್ಸಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಒಂದೇ ಯೋಚನೆ. ಕಥೆ ಮುಗಿದರೆ ಅಣ್ಣ ಮತ್ತೆ ಯಾಕೆ ಬರಬೇಕು? ಪುಸ್ತಕವನ್ನು ನನ್ನ ಟ್ರಂಕಿನ ತಳಕ್ಕೆ ಹಾಕಿದೆ. "ಬಂತಾ?" ಎಂದು ಅಮ್ಮ ಕೇಳಿದಳು. "ಬರ್ಲಿಲ್ಲ" ಎಂದೆ.

ಪ್ರತಿ ಆಟಿಗೂ ಅವಳು ಕೇಳಿದಳು. ಅಪ್ಪ ಹೋದ ಮೇಲೆ ಅವಳು ಮೂಡುಬಿದಿರೆಯಲ್ಲಿ ನನ್ನ ಜೊತೆಗಿದ್ದಳು, ಅಲ್ಲಿಯೂ ಕೇಳಿದಳು. ಕೊನೆಕೊನೆಗೆ ಕೇಳುವ ಧಾಟಿ ಬದಲಾಗಿತ್ತು. "ಪಾಪ, ಅವನಿಗೆ ಅದು ಎಂತಾಯ್ತು ಅಂತ ಗೊತ್ತೇ ಆಗ್ಲಿಲ್ಲ, ಅಲ್ವಾ?" ಎನ್ನುತ್ತಿದ್ದಳು. ತಾನು ಮುಚ್ಚಿಟ್ಟ ಹದಿಮೂರನೆಯದರ ಪಾಪ ಅವಳನ್ನು ತಿನ್ನುತ್ತಿತ್ತು. ನಾನು ಅಡಗಿಸಿಟ್ಟ ಹದಿನೆಂಟನೆಯದು ಅದೇ ಕೋಣೆಯ ಕಪಾಟಿನಲ್ಲಿತ್ತು. ನಾನು ಹೇಳಲಿಲ್ಲ. ಇಷ್ಟು ವರ್ಷದ ಸುಳ್ಳನ್ನು ಯಾವ ಬಾಯಿಯಿಂದ ಹೇಳುವುದು?

ಈ ವರ್ಷ ಬಂಟ್ವಾಳದಲ್ಲಿ ಹೋಟೆಲು ನಡೆಸುವ ನನ್ನ ತಮ್ಮ ಫೋನು ಮಾಡಿದ. ಅವನ ಮಗಳಿಗೆ ಬಂದ ಸಂಬಂಧಗಳೆಲ್ಲ ಮಾತುಕತೆಯಲ್ಲೇ ಮುರಿಯುತ್ತಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದನಂತೆ. ತೀರಿಹೋದ ಅಣ್ಣನಿಗೆ ಮದುವೆಯಾಗಬೇಕೆಂದು ಕಂಡುಬಂತಂತೆ. ಮದುವೆಯಾಗದೆ ಸತ್ತವರಿಗೆ, ಹಾಗೆಯೇ ಸತ್ತ ಇನ್ನೊಬ್ಬರನ್ನು ಹುಡುಕಿ ಮದುವೆ ಮಾಡಿಸುವುದು ನಮ್ಮಲ್ಲಿ ಇದೆ. ಬಂಟ್ವಾಳದ ಹತ್ತಿರವೇ ಹೆಣ್ಣು ಕೂಡ ಸಿಕ್ಕಿತ್ತು, ಐದು ವರ್ಷದಲ್ಲಿ ತೀರಿಹೋದವಳು.

"ನಿನಗೆ ಮರ್ಲಾ ಮಾರಾಯ?" ಎಂದೆ ನಾನು.

"ನೀನು ನಂಬುವುದು ಬೇಡ ಅಕ್ಕ. ಅಣ್ಣನ ಸಾಮಾನು ಎಂತಾದ್ರು ಉಂಟಾದ್ರೆ ತಗೊಂಡು ಬಾ, ಅಷ್ಟು ಸಾಕು."

ಅಣ್ಣನದೆಂದು ಉಳಿದದ್ದು ಕೆಂಪಂಗಿ ಮಾತ್ರ. ಹದಿನೇಳು ಸಂಚಿಕೆಯನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಹದಿನೆಂಟನೆಯದನ್ನು ಮನೆಯಲ್ಲಿ ಒಂಟಿಯಾಗಿ ಬಿಡಲು ಮನಸ್ಸಾಗದೆ ಕೈಚೀಲಕ್ಕೆ ಹಾಕಿಕೊಂಡಿದ್ದೆ.

ಆ ಮದುವೆಯನ್ನು ಮದುವೆಯಾಗದವರು ನೋಡಬಾರದೆಂದು ಕ್ರಮ. ತಮ್ಮನ ಮಗಳನ್ನು ಪಕ್ಕದ ಮನೆಗೆ ಕಳಿಸಿದ್ದರು, ನನ್ನನ್ನು ಜಗಲಿಯಲ್ಲಿ ಕೂರಿಸಿದರು. ಗ್ರಂಥಾಲಯದಲ್ಲಿ ಎಲ್ಲರನ್ನೂ ಹೊರಗೆ ನಿಲ್ಲಿಸಿದವಳಿಗೆ ಇದು ತಕ್ಕ ಶಾಸ್ತಿಯೆಂದುಕೊಂಡೆ. ಒಳಗೆ ಎರಡು ಕುರ್ಚಿ, ಒಂದರ ಮೇಲೆ ವೇಷ್ಟಿ-ಶರ್ಟು, ಇನ್ನೊಂದರ ಮೇಲೆ ಸೀರೆ ಎಂದು ಕೇಳಿದೆ. ಬದುಕಿರುವವರ ಮದುವೆಯಲ್ಲಿ ಇರುವ ಎಲ್ಲವೂ ಇತ್ತು. ಹೆಣ್ಣಿನ ಕಡೆಯವರು ತಡವಾಗಿ ಬಂದರೆಂದು ಒಬ್ಬರಿಗೆ ಸಿಟ್ಟು, ಸೀರೆಯ ಬಣ್ಣ ತೀರ ಮಂಕೆಂದು ಇನ್ನೊಬ್ಬರಿಗೆ ಮುನಿಸು.

ಗಂಡಿನ ಸಾಮಾನು ತೆಗೆದುಕೊಂಡು ಹೋಗಲಿಕ್ಕೆ ಒಬ್ಬ ಹೆಂಗಸು ಹೊರಗೆ ಬಂದರು. ಪ್ರಾಯ ಅರವತ್ತು ದಾಟಿರಬೇಕು. ಹುಡುಗಿಯ ಅಮ್ಮ ತಾನೆಂದರು. ಪೆಟ್ಟಿಗೆ ಬಿಚ್ಚಿ ತೋರಿಸಿದೆ. ಅವರು ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುತ್ತ ಅಲ್ಲಿಯೇ ನಿಂತರು.

"ನನ್ನ ಮಗುವಿಗೆ ಓದ್ಲಿಕ್ಕೆ ಬರುದಿಲ್ಲ" ಎಂದರು. "ಶಾಲೆಗೆ ಸೇರಿಸ್ಲಿಕ್ಕೆ ಎರಡು ತಿಂಗಳು ಉಂಟು ಅನ್ನುವಾಗ ಹೋದ್ಲು. ಇವರು ಓದಿ ಹೇಳ್ತಾರಾ?"

ಬಸ್ಸಿನಲ್ಲಿ ಬರುತ್ತ ಎಷ್ಟೊಂದು ಕೊಂಕು ಮಾತುಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅದೆಲ್ಲ ಬಿಟ್ಟು ಹೇಳಿದೆ.

"ಹೇಳ್ತಾನೆ. ನನಗೂ ಅವನೇ ಓದಿ ಹೇಳಿದ್ದು. ಪುಸ್ತಕ ಮಾತ್ರ ಮುಟ್ಲಿಕ್ಕೆ ಬಿಡುದಿಲ್ಲ."

ಅವರು ನಕ್ಕರು. "ಹಾಗಾದ್ರೆ ಸರಿ. ಕಥೆ ಪೂರ್ತಿ ಉಂಟಲ್ಲ? ಅವಳಿಗೆ ಅರ್ಧಕ್ಕೆ ನಿಲ್ಲಿಸಿದ್ರೆ ನಿದ್ದೆಯೇ ಬರುದಿಲ್ಲ. ಮುಗಿಯುವವರೆಗೆ ಕೆನ್ನೆ ಹಿಡಿದು ತಿರುಗಿಸ್ತಾಳೆ, ಹೇಳು ಹೇಳು ಅಂತ."

ಮೂವತ್ತು ವರ್ಷದ ಹಿಂದೆ ಹೋದ ಮಗುವಿನ ಬಗ್ಗೆ ಹೀಗೆ ಹೇಳಿದರು. ಅಮ್ಮ ಅಣ್ಣನ ಬಗ್ಗೆ ಹೀಗೆಯೇ ಮಾತಾಡುತ್ತಿದ್ದಳು. ನಾನು ಕೈಚೀಲದಿಂದ ಹದಿನೆಂಟನೆಯದನ್ನು ತೆಗೆದು ಅವರ ಕೈಯಲ್ಲಿಟ್ಟೆ. "ಇದು ಕೊನೆಯದ್ದು. ನಾನು ಓದ್ಲಿಲ್ಲ, ಅವನೂ ಓದ್ಲಿಲ್ಲ" ಎಂದೆ. ಅವರು ಯಾಕೆಂದು ಕೇಳದೆ ಒಳಗೆ ಹೋದರು. ಬಾಗಿಲು ಮುಚ್ಚಿದ ಸದ್ದು ಕೇಳಿದಾಗ ಎದ್ದು ಓಡಿಹೋಗಿ ಕಸಿದುಕೊಂಡು ಬರಲೇ ಅನ್ನಿಸಿತು. ಜಗಲಿಯ ಕಂಬ ಹಿಡಿದುಕೊಂಡು ಕೂತೆ.

ಊಟವಾದ ಮೇಲೆ ಪುಸ್ತಕಗಳನ್ನು ತಮ್ಮನೇ ವಾಪಸು ತಂದ. ನಾನು ತೆಗೆದುಕೊಳ್ಳಲಿಲ್ಲ. ಅವೆಲ್ಲ ಆ ಅಮ್ಮನ ಮನೆಗೆ ಹೋಗಲಿ ಎಂದೆ.

ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ ಮೂಡುಬಿದಿರೆಯ ಮನೆಯಲ್ಲಿ ಕೈಪಿಡಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ಹುಡುಗಿಯ ಅಮ್ಮನ ಫೋನು ಬಂತು. ದಿನಕ್ಕೆ ಎರಡೆರಡು ಪುಸ್ತಕ, ಮಗಳ ಫೋಟೋದ ಕೆಳಗೆ ಕೂತು ಗಟ್ಟಿಯಾಗಿ ಓದಿದರಂತೆ. "ನನ್ನ ಕನ್ನಡ ಸ್ವಲ್ಪ ನಿಧಾನ, ಹಾಗೆ ಇಷ್ಟು ದಿನ ಹಿಡೀತು. ಇವತ್ತು ಮುಗೀತು."

ನಾನು ಪೆನ್ನು ಕೆಳಗಿಟ್ಟು ಕೇಳಿದೆ.

"ಕೊನೆಗೆ ಎಂತಾಯ್ತು? ಸಾಯ್ತಾನಾ?"

"ಇಲ್ಲಪ್ಪ, ಯಾಕೆ ಸಾಯುದು? ಎಂಜಿನಿಯರ್ ಸಿಕ್ಕಿಬೀಳ್ತಾನೆ. ಇವನು ಮನೆಗೆ ಹೋಗ್ತಾನೆ. ಅಂಗಿ ತೆಗೆದು ಮೊಳೆಗೆ ಸಿಕ್ಕಿಸ್ತಾನೆ, ಕೈಕಾಲು ತೊಳೀತಾನೆ, ಚಾಪೆ ಹಾಸಿ ಮಲಗ್ತಾನೆ. ಒಳ್ಳೆ ನಿದ್ದೆ. ಅಷ್ಟೇ."

ಅಷ್ಟೇ. ಮೂವತ್ತೇಳು ವರ್ಷ ಹೆದರಿದ್ದು ಇದಕ್ಕೆ. ಫೋನು ಇಟ್ಟೆ. ಅಮ್ಮನಿಗೆ ಹೇಳಬೇಕು, ಈಗಲೇ ಹೇಳಬೇಕು ಎಂದು ಎದ್ದೆ. ಅವಳು ತೀರಿಕೊಂಡು ಆರು ವರ್ಷವಾಯಿತೆಂಬುದು ಅಡುಗೆಮನೆಯ ಬಾಗಿಲಿಗೆ ಬಂದು, "ಅಮ್ಮಾ" ಎಂದು ಕರೆದ ಮೇಲೆ ನೆನಪಾಯಿತು.