ನೊಗದ ಎಡಗಡೆ

ಪಾಂಡವಪುರದ ಕಡೆಯ ದನದ ದಳ್ಳಾಳಿ ಅವನು. ಎಲ್ಲಿಂದಲೋ 'ಊಪ್ಸ್' ಅನ್ನೋ ಇಂಗ್ಲಿಷ್ ಮಾತು ಕಲಿತುಬಿಟ್ಟಿದ್ದ. ಗಬ್ಬ ಅಂತ ಕೊಡಿಸಿದ ಹಸು ಗೊಡ್ಡಾದರೆ ಬಾಯಿಗೆ ಟವಲ್ಲು ಅಡ್ಡ ಹಿಡಿದು, 'ಊಪ್ಸ್' ಅಂದು ನಗೋನು. ಅಲ್ಲಿಗೆ ತಪ್ಪು ತೀರಿತು, ನಷ್ಟ ಕೊಂಡವರಿಗೆ.

ನಮ್ಮ ದೊಡ್ಡಮ್ಮನ ಜೋಡಿಯಲ್ಲಿ ಒಂದೆತ್ತು ಸತ್ತಾಗ ಇನ್ನೊಂದನ್ನ ಇವನೇ ಕೊಡಿಸಿದ. ಕಡಿದ ಕಬ್ಬು ಗಾಡಿಯಲ್ಲಿ ತುಂಬಿತ್ತು. ಅವತ್ತೇ ಕಾರ್ಖಾನೆ ಸೇರದಿದ್ದರೆ ಒಣಗಿ ತೂಕ ಕಳೆದುಕೊಳ್ಳುತ್ತಿತ್ತು. ಹೂಡಿದರೆ ಹೊಸ ಎತ್ತು ಬಲಗಡೆ ನಿಲ್ಲಲೊಲ್ಲದು. ಉಳಿದಿದ್ದ ಹಳೆಯದರ ಹಾಗೆ ಅದೂ ನೊಗದ ಎಡಗಡೆಗೇ ಪಳಗಿದ ಎತ್ತು.

ದಳ್ಳಾಳೀನ ಕರೆಸಿದೆವು. ನೋಡಿದ. 'ಊಪ್ಸ್' ಅಂದ.

'ಅಂಗಂದ್ರೇನ್ಲಾ?' ಅಂದಳು ದೊಡ್ಡಮ್ಮ.

'ಸಣ್ಣ ತಪ್ಪಾಯ್ತು ಅಂತ ಕಣವ್ವ.'

'ಸಣ್ಣದಾದ್ರೆ ಬಲಗಡೆ ನೀನೇ ಎಗಲು ಕೊಡು ಬಾ. ಆಗಾಕಿಲ್ವಾ? ನಿನ್ನ ಮನೇ ಎತ್ತು ಹೊಡ್ಕೊಂಡು ಬಾ. ಅಲ್ಲೀಗಂಟ ನಿನ್ನ ಸೈಕಲ್ಲು ಇಲ್ಲೇ ಇರ್ಲಿ.'

ಸುತ್ತ ನಿಂತಿದ್ದವರೆಲ್ಲ ನಕ್ಕರು. ನಡೆದು ಹೋಗಿ ಹೊಡೆದುಕೊಂಡು ಬಂದ. ಕಬ್ಬು ಹೊತ್ತಿಗೆ ಸರಿಯಾಗಿ ಕಾರ್ಖಾನೆ ಸೇರಿತು.

ವ್ಯಾಪಾರದಲ್ಲೇ ಬದುಕು ಕಟ್ಟಿಕೊಂಡವನು ನಾನು, ಹೇಳ್ತೀನಿ ಕೇಳಿ: ದಳ್ಳಾಳಿ ತೋರಿಸಿದ ಎತ್ತಿಗಿಂತ ಮೊದಲು ಅವನ ಕೊಟ್ಟಿಗೆ ನೋಡಿ. ಇವನ ಸ್ವಂತ ಜೋಡಿಯಲ್ಲಿ ಒಂದು ಎಡಗಡೆಯದು, ಒಂದು ಬಲಗಡೆಯದು. ತನಗೆ ಕೊಂಡುಕೊಳ್ಳುವಾಗ ಒಂದು ಸಲವೂ ಅವನಿಗೆ ಊಪ್ಸ್ ಆಗಿರಲಿಲ್ಲ.